ಕಾಲರಿನ ಹಳದಿ

ಇಸ್ತ್ರಿಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಮೋನಾ ಈಗಲೂ ಅದನ್ನು ಕೆನ್ನೆಯ ಹತ್ತಿರ ತಂದು ಹಿಡಿಯುತ್ತಾಳೆ. ಕರೆಂಟಿನ ಪೆಟ್ಟಿಗೆಗೆ ಅದು ಬೇಕಿಲ್ಲ, ಸಣ್ಣ ಕೆಂಪು ದೀಪ ಆರಿ ತಾನೇ ಹೇಳುತ್ತದೆ. ಆದರೂ ಆ ಬಿಸಿ ಕೆನ್ನೆಗೆ ತಾಗದೆ ಅವಳಿಗೆ ಕೈ ಓಡುವುದಿಲ್ಲ. ಅಪ್ಪ ಹಾಗೆ ಮಾಡುತ್ತಿದ್ದ. ಪಾರ್ಕ್ ರಸ್ತೆಯ ಲಾಂಡ್ರಿಯಲ್ಲಿ ಒಲೆಯ ಮೇಲೆ ಸಾಲಾಗಿ ಕಾಯುತ್ತಿದ್ದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಒಂದನ್ನು ಎತ್ತಿ, ಗುಟ್ಟು ಕೇಳುವವನ ಹಾಗೆ ಕೆನ್ನೆಯ ಬಳಿ ಹಿಡಿದು, ತಲೆಯಾಡಿಸಿ, ಅಂಗಿಯ ಮೇಲೆ ಇಳಿಸುತ್ತಿದ್ದ. ಬಟ್ಟೆಯಿಂದ ಏಳುವ ಹಬೆಗೆ ಅನ್ನದ ವಾಸನೆ ಇರುತ್ತಿತ್ತು. ಬಟ್ಟೆಗೂ ಗಂಜಿ, ಹೊಟ್ಟೆಗೂ ಗಂಜಿ. ಅಂಗಿಗೆ ಹಾಕುವುದಕ್ಕೆ ಉಪ್ಪುಮೀನು ಇರುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದು ಅಣ್ಣ ಸಿರಿಲ್ ಹೇಳಿ ನಗಿಸುತ್ತಿದ್ದ. ಈಗ ಬಿಳಿ ಬ್ಲೌಸಿನ ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತ ಅವಳು ಒತ್ತಿದ ಕಡೆಯೇ ಮತ್ತೆ ಮತ್ತೆ ಒತ್ತಿದಳು. ಬೆಳಿಗ್ಗೆ ಫೋನು ಬಂದಾಗಿನಿಂದ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ.

ಫೋನು ಮಾಡಿದವಳು ಮಿಸೆಸ್ ಥ್ರೆಲ್‌ಫಾಲ್, ಸಿರಿಲ್ ಇರುವ ವೃದ್ಧಾಶ್ರಮವನ್ನು ನೋಡಿಕೊಳ್ಳುವವಳು.

"ಮೋನಾ ಅವ್ರೇ, ಗಾಬರಿ ಆಗ್ಬೇಡಿ. ನಿಮ್ಮಣ್ಣ ಆರೋಗ್ಯವಾಗೇ ಇದಾರೆ. ಹಾಡ್ತಿದಾರೆ."

"ಹಾಡ್ತಿದಾನಾ? ಅವನಿಗೆ ಮಾತೇ ಹೋಗಿದೆಯಲ್ಲ."

"ಅದೇ ನೋಡಿ. ಮಾತಿಲ್ಲ, ಹಾಡಿದೆ. ಯಾರೋ ಪುಣ್ಯಾತ್ಮರು ನಮಗೊಂದು ಪಿಯಾನೊ ಕೊಟ್ರು. ಅದು ಬಂದಾಗಿಂದ ಅದರ ಮುಂದೇನೇ ಕೂತಿರ್ತಾರೆ. ಒಂದೇ ಹಾಡು, ಸುತ್ತಿ ಸುತ್ತಿ ಅದೇ. ಒಳ್ಳೇ ಹಾಡಾಗಿದ್ರೆ ನಾನ್ಯಾಕೆ ಫೋನ್ ಮಾಡ್ತಿದ್ದೆ ಹೇಳಿ? ಅದು ಚೀನೀಯರನ್ನ ಆಡ್ಕೊಳ್ಳೋ ಹಾಡು. ಪೀಕಿಂಗ್ ಅಗಸ, ಬೆಕ್ಕಿನ ಸಾರು, ಏನೇನೋ. ಬೆರಳು ಬೇರೆ ಎತ್ತಿ ಎತ್ತಿ ಕುಣಿಸ್ತಾರೆ."

ಮೋನಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ನಮ್ಮಲ್ಲಿ ಈಗ ಚೀನಾದ ಹುಡುಗಿ ಒಬ್ಳು ಕೆಲಸಕ್ಕಿದಾಳೆ, ಶೂಲಾನ್ ಅಂತ. ಅವಳ ಕಿವಿ ಮೇಲೆ ಇಂಥದ್ದು ಬೀಳೋಕೆ ಬಿಡೋದು ಸರಿಯಲ್ಲ ಅಲ್ವಾ? ಹೋದ ವಾರ ಎರಡು ದಿನ ಇವರನ್ನ ಮೇಲಿನ ಕೋಣೇಲೇ ಇರಿಸಿ ನೋಡಿದ್ವಿ."

"ಆಮೇಲೆ?"

"ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಊಟ ಮುಟ್ಟಲಿಲ್ಲ. ನೀವು ಬಂದು ಹೇಗಾದ್ರೂ ಮಾಡಿ ಆ ಹಾಡು ಬಿಡಿಸಿ, ನಿಮ್ಮ ಮಾತು ಕೇಳ್ಬಹುದು. ಇಲ್ಲಾಂದ್ರೆ ನನಗೆ ಬೇರೆ ದಾರಿ ಇಲ್ಲ, ಮೇಲಿನ ಕೋಣೆನೇ."

"ಆ ಹುಡುಗಿ ಏನಾದ್ರೂ ಅಂದ್ಲಾ?"

"ಅವಳು ಪಾಪ, ಬಾಯಿಬಿಟ್ಟು ಹೇಳೋಳಲ್ಲ."

"ಮಿಸೆಸ್ ಥ್ರೆಲ್‌ಫಾಲ್, ನಮ್ಮ ಮನೆ ಹೆಸರು ಯಿಪ್. ನಮ್ಮಪ್ಪ ಯಾರು ಅಂದ್ಕೊಂಡಿದೀರಿ?"

"ಅಯ್ಯೋ, ಗೊತ್ತಮ್ಮ. ಆದ್ರೆ ನೀವು ಹಾಗಲ್ಲವಲ್ಲ. ನೀವು ಇಲ್ಲಿಯವರೇ ಅಲ್ವಾ."

ಇಲ್ಲಿಯವರೇ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು. ಸ್ಕೂಲಿನ ಅಂಗಳದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಅಮ್ಮ ಐರಿಶ್ ಮೂಲದವಳು, ಈ ಲಿವರ್‌ಪೂಲ್ ಹಡಗುಕಟ್ಟೆಯ ಕೂಲಿಯ ಮಗಳು, ಅವಳ ಕೂದಲು ಟೀ ಬಣ್ಣದ್ದು. ಆದರೆ ಯುದ್ಧದ ಚಳಿಗಾಲದಲ್ಲಿ ಅವಳು ಎದೆ ಕಾಯಿಲೆಯಿಂದ ಹೋದ ಮೇಲೆ ಮಕ್ಕಳಿಬ್ಬರ ಮುಖದಲ್ಲೂ ಉಳಿದದ್ದು ಅಪ್ಪನ ಮುಖ. ಕಣ್ಣಿನ ತುದಿಯನ್ನು ಬೆರಳಿಂದ ಎಳೆದು ತೋರಿಸುವವರು, ಹಳೇ ಕಾಲದ ಚೀನೀಯರ ಜಡೆ ಇದೆಯೇನೋ ಎಂದು ಎಳೆಯಲು ಬರುವವರು, ಲಾಂಡ್ರಿ ಬಾಗಿಲಿಗೆ ಮಣ್ಣು ಎಸೆದು ಓಡುವವರು, ಯಾರಿಗೂ ಅಮ್ಮನ ಕೂದಲು ಲೆಕ್ಕಕ್ಕಿರಲಿಲ್ಲ. ಆಗ ನಾವು ಚೀನೀಯರಲ್ಲ ಎಂದು ಅತ್ತರೂ ಬಿಡಲಿಲ್ಲ. ಈಗ ಚೀನೀಯರೇ ಎಂದರೆ ಒಪ್ಪುತ್ತಿಲ್ಲ. ಅವಳಿಗೆ ನಗು ಬಂತು. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಾಗ ಕೈಚೀಲದಲ್ಲಿ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು.

ಪೀಕಿಂಗ್ ಅಗಸ. ಎಷ್ಟು ಕಾಲವಾಯಿತು ಆ ಹೆಸರು ಕೇಳಿ. ಕೇಳಿದ್ದೇ ತಡ, ನಾಚಿಕೆ ಬರಬೇಕಾದ ಜಾಗದಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಬಂದಿತ್ತು. ಥಿಯೇಟರಿನ ಗ್ಯಾಲರಿಯಲ್ಲಿ ಕೂತವರು ಸುಲಿದು ಹಾಕುತ್ತಿದ್ದ ಕಿತ್ತಳೆ, ಅದರ ಜೊತೆಗೆ ಸಿಗರೇಟಿನ ಹೊಗೆ, ಒದ್ದೆ ಕೋಟುಗಳು, ಕಾದ ದೀಪಗಳ ಮೇಲಿನ ಧೂಳು. ಪರದೆಯ ಹಿಂದೆ ನಿಂತಾಗ ಅದೆಲ್ಲ ಸೇರಿ ಮುಖಕ್ಕೆ ಬಡಿಯುತ್ತಿತ್ತು, ಬೆಚ್ಚಗೆ, ದೊಡ್ಡ ಪ್ರಾಣಿಯ ಉಸಿರಿನ ಹಾಗೆ. ನಾಟಕದಲ್ಲಿ ಕುಣಿದ ಆ ಕ್ರಿಸ್‌ಮಸ್ಸಿನಷ್ಟು ಸುಖ ಅವಳ ಮದುವೆಯಲ್ಲೂ ಇರಲಿಲ್ಲ. ಅದನ್ನು ಯಾರಿಗೆ ಹೇಳುವುದು? ಗಂಡನಿಗೆ ಹೇಳಿರಲಿಲ್ಲ. ಸಿರಿಲ್ ಮುಂದಂತೂ ಬಾಯಿ ಬಿಡುವ ಹಾಗೇ ಇರಲಿಲ್ಲ.

ಥಿಯೇಟರಿನ ಬಟ್ಟೆಗಳು ಲಾಂಡ್ರಿಗೆ ಬರುತ್ತಿದ್ದವು. ಸಿರಿಲ್ ಕೈಗಾಡಿ ತಳ್ಳಿಕೊಂಡು ಹೋಗಿ ಹಿಂಬಾಗಿಲಿನಿಂದ ಬುಟ್ಟಿಗಳನ್ನು ತರುತ್ತಿದ್ದ. ಆ ವರ್ಷದ ಕ್ರಿಸ್‌ಮಸ್ ನಾಟಕ ಚೀನಾದಲ್ಲಿ ನಡೆಯುವಂಥದ್ದು, ಅದರಲ್ಲಿ ನಗಿಸುವವನು ಒಬ್ಬ ಚೀನೀ ಅಗಸ. ನಟರೆಲ್ಲ ಈ ಕಡೆಯವರು, ಬಿಳಿಯರು. ಮುಖಕ್ಕೆ, ಕತ್ತಿಗೆ ಹಳದಿ ಬಣ್ಣ ಮೆತ್ತಿಕೊಳ್ಳುತ್ತಿದ್ದರು. ತಾಲೀಮಿನಲ್ಲೂ ಹಚ್ಚಿಕೊಳ್ಳುತ್ತಿದ್ದರು, ದೀಪಕ್ಕೆ ಹೇಗೆ ಕಾಣುತ್ತದೆಂದು ನೋಡಲು. ಆ ಬಣ್ಣವೆಲ್ಲ ಕಾಲರಿಗೆ ಹತ್ತಿಕೊಂಡು ಅಪ್ಪನ ತೊಟ್ಟಿಗೆ ಬರುತ್ತಿತ್ತು. ಎಣ್ಣೆ ಬೆರೆಸಿದ ಬಣ್ಣ, ಸೋಪಿಗೆ ಬಗ್ಗದು. ಅಪ್ಪ, ಸಿರಿಲ್, ಅವಳು, ಮೂವರೂ ತೊಟ್ಟಿಯ ಸುತ್ತ ಕೂತು ಉಜ್ಜುತ್ತಿದ್ದರು. ಉಜ್ಜಿ ಹಿಂಡಿದ ಮೇಲೆ ಅಪ್ಪ ಕಾಲರನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿ ತೀಡಿ, ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. "ಹೋಗಿಲ್ಲ" ಅಂದರೆ ಮತ್ತೆ ತೊಟ್ಟಿಗೆ. "ಹೋಗಿದೆ" ಅಂದರೆ ಗಂಜಿಗೆ. ಅಪ್ಪನ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರುತ್ತಿದ್ದ ಕೆಲವೇ ಮಾತುಗಳಲ್ಲಿ ಅವೆರಡು. ಸಿರಿಲ್ ಅಪ್ಪನ ಹಾಗೇ ಹೆಬ್ಬೆರಳು ಎತ್ತಿ, ಹುಬ್ಬು ಗಂಟಿಕ್ಕಿ, "ಹೋಗಿಲ್ಲ, ಹೋಗಿಲ್ಲ" ಎಂದು ಅವಳ ಮೂಗಿಗೂ ಒರೆಸುತ್ತಿದ್ದ.

ಒಂದು ದಿನ ಥಿಯೇಟರಿನ ಉಡುಪು ನೋಡಿಕೊಳ್ಳುವ ಮಿಸೆಸ್ ಪಾರ್ಡೊ ಲಾಂಡ್ರಿಗೆ ಬಂದವಳು ಮೋನಾಳ ಗಲ್ಲ ಹಿಡಿದೆತ್ತಿದಳು. "ಎಲ್ಲಾ ಬಿಟ್ಟು ಇಲ್ಲಿ ನಿಜವಾದ್ದೇ ಒಂದಿದೆಯಲ್ರೀ! ಇವಳನ್ನ ನಮ್ಮ ಮಕ್ಕಳ ಸಾಲಿಗೆ ಕೊಡಿ." ಅಪ್ಪ ನಕ್ಕು ತಲೆಯಾಡಿಸಿದ, ಗಿರಾಕಿ ಏನು ಕೇಳಿದರೂ ಅಪ್ಪ ಮೊದಲು ನಕ್ಕು ತಲೆಯಾಡಿಸುವವನೇ. ಹಾಗೆ ಅವಳು ಮಕ್ಕಳ ಕುಣಿತದಲ್ಲಿ ಸೇರಿದಳು. ಮೊದಲ ದಿನ ಮಿಸೆಸ್ ಪಾರ್ಡೊ ಅವಳನ್ನು ದೀಪದ ಕೆಳಗೆ ನಿಲ್ಲಿಸಿ, ದೂರ ಹೋಗಿ ನೋಡಿ, ನಾಲಿಗೆ ಚಪ್ಪರಿಸಿದಳು. "ಇವಳು ಸಾಲದಲ್ಲ, ಚೀನೀ ಥರ ಕಾಣ್ತಾನೇ ಇಲ್ಲ." ಬಣ್ಣದ ಡಬ್ಬಿ ತಂದು ಅವಳ ಹಣೆ, ಕೆನ್ನೆ, ಕತ್ತು ಎಲ್ಲ ಹಳದಿ ಮಾಡಿದಳು. ಉಣ್ಣೆಯ ಜಡೆ ಹೊಲಿದ ಟೋಪಿ ಇಟ್ಟಳು. ತೋರುಬೆರಳು ಎರಡನ್ನೂ ನೆಟ್ಟಗೆ ಎತ್ತಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು, ಕತ್ತು ಕುಣಿಸಬೇಕು. ಅವಳಿಗೆ ಅಳು ಬರಲಿಲ್ಲ. ಬಣ್ಣ ತಣ್ಣಗಿತ್ತು, ಗುಲಾಬಿ ಅತ್ತರಿನ ವಾಸನೆ ಇತ್ತು, ಅಮ್ಮ ಹೋದ ಮೇಲೆ ಅವಳ ಮುಖವನ್ನು ಅಷ್ಟು ಹೊತ್ತು ಯಾರೂ ಮುಟ್ಟಿರಲಿಲ್ಲ. ಸಾಲಿನಲ್ಲಿ ನಿಂತಾಗ ಆಚೀಚಿನ ಹುಡುಗಿಯರೂ ಹಳದಿ, ಅವಳೂ ಹಳದಿ. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಎಲ್ಲರ ಹಾಗಿದ್ದಳು.

ಬಸ್ಸು ತಿರುವಿನಲ್ಲಿ ವಾಲಿತು. ಮನೆಗಳ ಸಂದಿನಲ್ಲಿ ಮರ್ಸಿ ನದಿ ಒಂದು ಕ್ಷಣ ಕಾಣಿಸಿ ಮುಚ್ಚಿಹೋಯಿತು, ಕಂದು ನೀರು, ಮೇಲೆ ಬಿಳಿ ಮಂಜು.

ಅಗಸನ ಪಾತ್ರ ಮಾಡುತ್ತಿದ್ದವನು ಮಿಸ್ಟರ್ ಆಗಲ್ ಎಂಬ ದೊಡ್ಡ ಹೊಟ್ಟೆಯ, ಮೆತ್ತಗಿನ ದನಿಯ ಮನುಷ್ಯ. ಅವನು ಲಾಂಡ್ರಿಗೂ ಬಂದಿದ್ದ. ಕಟ್ಟೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತು ಅಪ್ಪ ಕೊಟ್ಟ ಟೀ ಕುಡಿದ, ಚೆನ್ನಾಗಿದೆ ಎಂದ. ಅಪ್ಪ ಒಲೆಯಿಂದ ಮೇಜಿಗೆ, ಮೇಜಿನಿಂದ ಕಪಾಟಿಗೆ ಓಡಾಡುವುದನ್ನೇ ನೋಡುತ್ತಿದ್ದ. ಅಪ್ಪನ ಎಡಗಾಲು, ಹಿಂದೆ ಹಡಗಿನಲ್ಲಿ ದುಡಿಯುತ್ತಿದ್ದಾಗ, ಬಾಯ್ಲರಿನ ಮುಂದೆ ಸುಟ್ಟದ್ದು. ಅದನ್ನು ಎಳೆದು ಇಡುವಾಗ ಬಲಭುಜ ಸ್ವಲ್ಪ ಮೇಲೇಳುತ್ತಿತ್ತು, ಯಾರೋ ಕರೆದಾಗ ತಿರುಗುವವನ ಹಾಗೆ. ಮಾರನೆಯ ವಾರ ತಾಲೀಮಿನಲ್ಲಿ ಮಿಸ್ಟರ್ ಆಗಲ್ ಒಳಗೆ ಬಂದ. ಎಡಗಾಲು ಎಳೆದ, ಬಲಭುಜ ಎತ್ತಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಲಿನಲ್ಲಿ ಬೆರಳೆತ್ತಿ ನಿಂತಿದ್ದ ಮೋನಾ ಕೂಡ ನಕ್ಕಳು, ನಗು ಬಂದದ್ದಕ್ಕೇ ನಕ್ಕಳು, ಅಷ್ಟು ಚೆನ್ನಾಗಿ ಮಾಡಿದ್ದ. ಆಮೇಲೆ ಗೊತ್ತಾಯಿತು ಅದು ಯಾರ ನಡಿಗೆ ಎಂದು. ಪಕ್ಕದ ಕತ್ತಲೆಯಲ್ಲಿ, ಖಾಲಿ ಬುಟ್ಟಿಗೆ ಕಾಯುತ್ತ ಸಿರಿಲ್ ನಿಂತಿದ್ದ. ಅವನು ನಕ್ಕನೋ ಇಲ್ಲವೋ ಕಾಣಿಸಲಿಲ್ಲ.

ಪೀಕಿಂಗ್ ಅಗಸ ನಾಟಕದ ಕೊನೆಯಲ್ಲಿ ಎಲ್ಲರೂ ಸೇರಿ ಹಾಡುವ ಹಾಡು.

ಪಿಂಗು ಪಾಂಗು ಪೀಕಿಂಗ್ ಅಗಸ
ಸೋಪಿನ ಗುಳ್ಳೆ ನುಂಗಿದ,
ಬಾಲದ ಜಡೆಗೆ ಇಸ್ತ್ರಿ ಮಾಡಿ
ಬೆಕ್ಕಿನ ಸಾರು ಕುಡಿದ.

ಇನ್ನೂ ಎರಡು ಸಾಲಿತ್ತು. ಆದರೆ ಥಿಯೇಟರಿನವರಲ್ಲಿ ಒಂದು ಪದ್ಧತಿ, ನಾಟಕದ ಕೊನೆಯ ಎರಡು ಸಾಲನ್ನು ತಾಲೀಮಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜನರಿಲ್ಲದೆ ನಾಟಕ ಮುಗಿಸಿದರೆ ಅಪಶಕುನ. ಆ ಜಾಗದಲ್ಲಿ ಎಲ್ಲರೂ "ತಂ ತನಂ ತಂ" ಎಂದು ಗುನುಗಬೇಕು, ತಾಲೀಮು ಮಾಡಿಸುವವನು ಕೋಲಿನಿಂದ ಹಲಗೆಯ ಮೇಲೆ ಟಕ್ ಟಕ್ ಎಂದು ಕುಟ್ಟಿ ನಿಲ್ಲಿಸುತ್ತಿದ್ದ. ಸಾಲುಗಳನ್ನು ಅವಳ ಕಿವಿಯಲ್ಲಿ ಮಿಸೆಸ್ ಪಾರ್ಡೊ ಮೊದಲ ಆಟದ ಸಂಜೆಯೇ ಪಿಸುಗುಟ್ಟಿದ್ದು.

ಆ ಸಂಜೆಗೆ ಗ್ಯಾಲರಿಯಲ್ಲಿ ಅಪ್ಪನಿಗೂ ಸಿರಿಲ್‌ಗೂ ಜಾಗ ಇತ್ತು. ಅಪ್ಪ ತನ್ನದೇ ಕೈಯಿಂದ ಗಂಜಿ ಹಾಕಿದ ಅಂಗಿ, ಬೂದು ಟೋಪಿ ತೆಗೆದಿಟ್ಟಿದ್ದ. ಕೊನೆಯ ಹಾಡಿಗೆ ದೀಪಗಳೆಲ್ಲ ಹತ್ತಿದಾಗ ಮೇಲೆ ಒಂದು ಬೂದು ಟೋಪಿ ಕಾಣಿಸಿತು. ಅವಳು ಸಾಲು ತಪ್ಪಿಸಿ ಕೈ ಬೀಸಿದಳು. ಬೀಸುವಾಗಲೇ ಪಕ್ಕದಲ್ಲಿ ಮಿಸ್ಟರ್ ಆಗಲ್ ಎಡಗಾಲು ಎಳೆಯುತ್ತಿದ್ದ, ಥಿಯೇಟರಿಗೆ ಥಿಯೇಟರೇ ಹೋ ಎನ್ನುತ್ತಿತ್ತು. ಅಪ್ಪ ನೋಡುತ್ತಿದ್ದಾನೆ. ತನ್ನ ಕಾಲನ್ನು ತಾನೇ ಮೇಲಿನಿಂದ ನೋಡುತ್ತಿದ್ದಾನೆ, ಅದರ ಪಕ್ಕದಲ್ಲಿ ಹಳದಿ ಮುಖದ ಮಗಳು ಕುಣಿಯುತ್ತಿದ್ದಾಳೆ. ಆ ಎರಡೂ ಒಂದೇ ಕ್ಷಣದಲ್ಲಿ ಅವಳಿಗೆ ಅಂಟಿಕೊಂಡವು, ಸುಖವೂ ಅದೂ, ಎಳೆದರೂ ಬಿಡಿಸಲಾಗದ ಹಾಗೆ. ಮನೆಗೆ ಬಂದಾಗ ಅವರಿಬ್ಬರೂ ಆಗಲೇ ಬಂದಿದ್ದರು. ಸಿರಿಲ್ ಒಲೆಗೆ ಬೆನ್ನು ಮಾಡಿ, "ನೋಡಿದ್ವಿ ಕಣೇ. ಚೆನ್ನಾಗಿ ಕುಣಿದೆ. ಅಪ್ಪ ಚಪ್ಪಾಳೆ ಹೊಡೆದ" ಎಂದ. ಅಪ್ಪ ಪಾತ್ರೆಯ ತಳ ಹಿಡಿದ ಅನ್ನದ ಗರಿಚೆಕ್ಕೆ ಎಬ್ಬಿಸಿ ಪೂರ್ತಿ ಅವಳ ಕೈಗಿಟ್ಟ. ಬೇರೆ ದಿನ ಅದಕ್ಕೆ ಅಣ್ಣತಂಗಿ ಜಗಳವಾಡಬೇಕು. ಅಂದರೆ ನೋಡಿದ್ದಾನೆ, ನೋಡಿಯೂ ಕ್ಷಮಿಸಿದ್ದಾನೆ ಎಂದು ತಿಂದಳು. ಗಂಟಲಿನಲ್ಲಿ ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಾರನೆಯ ದಿನದಿಂದ ಬೀದಿಯಲ್ಲಿ ಆ ಹಾಡು. ಹುಡುಗರಿಗೆ ಕೊನೆಯ ಸಾಲುಗಳು ಬೇಕಿರಲಿಲ್ಲ, ಬೆಕ್ಕಿನ ಸಾರು ಸಾಕಿತ್ತು. ಸಿರಿಲ್ ಒಬ್ಬನ ಹಲ್ಲು ಮುರಿದು ಬಂದ. "ಈ ಮನೇಲಿ ಆ ಹಾಡು ಯಾವತ್ತೂ ಬರಕೂಡದು. ನಿನ್ನ ಬಾಯಲ್ಲಂತೂ ಬರಲೇಕೂಡದು" ಎಂದ. ಬರಲಿಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೂ, ಲಾಂಡ್ರಿ ಮುಚ್ಚಿದ ದಿನವೂ, ಸಿರಿಲ್ ಮುದುಕನಾಗಿ ಒಂದೊಂದೇ ಮಾತು ಕಳೆದುಕೊಳ್ಳುತ್ತಿದ್ದ ದಿನಗಳಲ್ಲೂ ಬರಲಿಲ್ಲ. ಈಗ ಅವನ ಬಾಯಲ್ಲೇ ಬಂದಿದೆ. ಅವನು ಬಿಡಿಸಿದ ಹಾಡನ್ನು ಅವನಿಂದ ಬಿಡಿಸಲು ಅವಳು ಹೋಗುತ್ತಿದ್ದಾಳೆ.

ಆಶ್ರಮದ ಬಾಗಿಲು ತೆಗೆದಾಗ ಕುರಿಮಾಂಸ, ಆಲೂಗಡ್ಡೆ ಬೆಂದ ವಾಸನೆ, ಅದರ ಹಿಂದೆಯೇ ಪಿಯಾನೊ. ಎಲ್ಲರೂ ಕೂರುವ ದೊಡ್ಡ ಕೋಣೆಯಲ್ಲಿ ಸಿರಿಲ್ ಬೆನ್ನು ಕಾಣುತ್ತಿತ್ತು, ಒಗೆದು ಒಗೆದು ಸವೆದ ಅಂಗಿಯ ಹಾಗಿದ್ದ ಬೆನ್ನು. ಒಂದೇ ಬೆರಳಿನಿಂದ ರಾಗ ಹುಡುಕುತ್ತಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ವೇಲ್ಸ್ ಕಡೆಯ ಡಿಲಿಸ್ ಅಜ್ಜಿ ಮಡಿಲಲ್ಲಿ ತಾಳ ಹಾಕುತ್ತಿದ್ದಳು.

"ಬಂದ್ಯೇನೇ ಪೊಲೀಸಮ್ಮ," ಎಂದಳು ಡಿಲಿಸ್. "ನಿಲ್ಲಿಸ್ತೀಯಂತೆ. ಬಿಡೇ ಮಾರಾಯ್ತಿ, ಹಾಡ್ಕೊಳ್ಳಲಿ. ಇಲ್ಲಿ ಇನ್ನೆಲ್ಲ ಕೆಮ್ಮೋರೇ ಇರೋದು."

ಮಿಸೆಸ್ ಥ್ರೆಲ್‌ಫಾಲ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು, ಪಕ್ಕದಲ್ಲಿ ಟವೆಲುಗಳ ರಾಶಿ ಹಿಡಿದ ತೆಳ್ಳಗಿನ ಹುಡುಗಿ. ಮೋನಾ ಅವಳ ಹತ್ತಿರ ಹೋದಳು. "ಶೂಲಾನ್ ಅಲ್ವಾ ನೀನು? ಇವನು ಹಾಡೋದು ನಿನಗೆ ನೋವಾಗುತ್ತಾ ಪುಟ್ಟಿ?"

ಹುಡುಗಿ ಮಿಸೆಸ್ ಥ್ರೆಲ್‌ಫಾಲ್ ಕಡೆ ನೋಡಿದಳು, ಆಮೇಲೆ ಟವೆಲಿನ ಕಡೆ. "ಮೊದಲ್ನೇ ದಿನ ಆಯ್ತು ಆಂಟಿ. ನನ್ನ ನೋಡೇ ಹಾಡ್ತಿದಾರೆ ಅಂದ್ಕೊಂಡೆ. ಆಮೇಲೆ ಅವರ ಮುಖ ನೋಡಿದೆ. ನಮ್ಮಜ್ಜನ ಮುಖದ ಹಾಗೇ ಇದೆ. ಹಾಡೋವಾಗ ಅವರು ನಗಲ್ಲ." ಟವೆಲುಗಳನ್ನು ಎದೆಗೆ ಒತ್ತಿಕೊಂಡು ಅಂದಳು, "ಮೇಲೆ ಕಳಿಸ್ಬೇಡಿ. ಮೇಲೆ ಇದ್ರೆ ನಾನು ತಿನ್ನಿಸಿದ್ರೂ ತಿನ್ನಲ್ಲ."

"ನಿಯಮ ಅಂತ ಒಂದಿರುತ್ತಲ್ಲಮ್ಮ," ಎಂದಳು ಮಿಸೆಸ್ ಥ್ರೆಲ್‌ಫಾಲ್, ಮೆಲ್ಲಗೆ.

ಮೋನಾ ಹೋಗಿ ಪಿಯಾನೊ ಮುಂದಿನ ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತಳು. ಅವನು ತಿರುಗಲಿಲ್ಲ. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು, ಪಿಂಗು ಪಾಂಗು, ದನಿ ಬಿರುಕುಬಿಟ್ಟದ್ದು, ಆದರೆ ರಾಗ ತಪ್ಪಿರಲಿಲ್ಲ. ಎರಡು ತೋರುಬೆರಳು ಎದ್ದವು. ಹೌದು, ಅವನು ನಗುತ್ತಿರಲಿಲ್ಲ. ಕತ್ತಲೆಯಲ್ಲಿ ನಿಂತು ದೀಪದ ಕಡೆ ನೋಡುವವನ ಹಾಗೆ ಕಣ್ಣು ಕಿರಿದು ಮಾಡಿ ಹಾಡುತ್ತಿದ್ದ. ನಿಲ್ಲಿಸೋ ಅನ್ನಬೇಕು. ಅವನ ಕೈ ಹಿಡಿಯಲು ಅವಳು ಕೈ ಎತ್ತಿದಳು. ಬೆಕ್ಕಿನ ಸಾರು ಬಂತು, ಮುಗಿಯಿತು. ಆಮೇಲೆ ಅವನು "ತಂ ತನಂ ತಂ" ಎಂದು ಗುನುಗಿ, ಬೆರಳ ಗೆಣ್ಣಿನಿಂದ ಪಿಯಾನೊ ಮರದ ಮೇಲೆ ಟಕ್ ಟಕ್ ಎಂದು ಕುಟ್ಟಿದ. ಮತ್ತೆ ಮೊದಲಿನಿಂದ, ಪಿಂಗು ಪಾಂಗು.

ಮೋನಾಳ ಕೈ ಅಲ್ಲೇ ನಿಂತಿತು. ಮರೆತಿದ್ದಾನೆ ಎಂದುಕೊಂಡಳು. ಎರಡನೆಯ ಸುತ್ತು ಬಂತು, ಅದೇ ತಂ ತನಂ ತಂ, ಅದೇ ಟಕ್ ಟಕ್. ಮರೆವಲ್ಲ ಇದು. ಇದು ತಾಲೀಮು. ಕೋಲಿನ ಸದ್ದು ಸಮೇತ, ಖಾಲಿ ಕುರ್ಚಿಗಳ ಮುಂದೆ ಹಾಡುತ್ತಿದ್ದ ಹಾಗೇ ಇದೆ. ಜನರೆದುರು ಆಡಿದ ಒಂದು ದಿನವೂ ಆ ಕೋಲು ಕುಟ್ಟಲಿಲ್ಲ, ಒಂದು ದಿನವೂ ಯಾರೂ ಗುನುಗಲಿಲ್ಲ. ಕೊನೆಯ ಎರಡು ಸಾಲಿಗೆ ಗ್ಯಾಲರಿಯವರೂ ಸೇರಿ ಸೂರು ಹಾರಿಹೋಗುವ ಹಾಗೆ ಹಾಡುತ್ತಿದ್ದರು. ಅಲ್ಲಿದ್ದವನು ಅದನ್ನು ಕೇಳದೆ ಇರಲು ಸಾಧ್ಯವೇ ಇಲ್ಲ.

ಸಿರಿಲ್ ಅಲ್ಲಿರಲಿಲ್ಲ.

ಆ ಸಂಜೆ ಒಲೆಯ ಮುಂದೆ ಒಣಗಲು ಹಾಕಿದ್ದ ಎರಡು ಕೋಟುಗಳು. ಅವುಗಳ ಪಕ್ಕದಲ್ಲೇ ಕೂತು ಅವಳು ಗರಿಚೆಕ್ಕೆ ತಿಂದಿದ್ದಳು. ಥಿಯೇಟರಿನಿಂದ ಲಾಂಡ್ರಿಗೆ ಬರುವಷ್ಟರಲ್ಲಿ ಕೋಟು ಅಷ್ಟು ಒದ್ದೆಯಾಗುವ ಹಾಗೆ ಮಳೆ ಇರಲಿಲ್ಲ. ಅವುಗಳಿಂದ ಕಿತ್ತಳೆ ವಾಸನೆ ಬಂದಿರಲಿಲ್ಲ, ಹೊಗೆಯ ವಾಸನೆಯೂ ಇಲ್ಲ. ಡಾಂಬರು, ಹಗ್ಗ, ನದಿ ಮಂಜು. ಮೂಗಿಗೆ ಅವತ್ತೇ ಗೊತ್ತಾಗಿತ್ತು. ತಾಲೀಮಿನಲ್ಲಿ ಅಪ್ಪನ ಕಾಲಿನ ಅಣಕ ನೋಡಿದ್ದ ಸಿರಿಲ್, ಥಿಯೇಟರಿನ ಬಾಗಿಲಿನವರೆಗೂ ಗಂಜಿ ಹಾಕಿದ ಅಂಗಿ ತೊಟ್ಟು ಬಂದ ಅಪ್ಪನಿಗೆ ಏನು ಹೇಳಿ ತಿರುಗಿಸಿದನೋ, ಜಾಗ ತುಂಬಿಹೋಗಿದೆ ಎಂದನೋ, ಹಡಗು ನೋಡೋಣ ಬಾ ಎಂದನೋ. ಆಟ ಮುಗಿಯುವವರೆಗೂ ಇಬ್ಬರೂ ಹಡಗುಕಟ್ಟೆಯಲ್ಲಿ ಚಳಿಗೆ ನಿಂತಿದ್ದರು. ಅಪ್ಪ ತನ್ನ ನಡಿಗೆಯನ್ನು ನೋಡಲೇ ಇಲ್ಲ. ಗರಿಚೆಕ್ಕೆ ಕ್ಷಮೆ ಅಲ್ಲ, ಮಗಳ ಕುಣಿತಕ್ಕೆ ಬರಲಾಗಲಿಲ್ಲವಲ್ಲ ಎಂಬುದಕ್ಕೆ ಕೊಟ್ಟದ್ದು. ಹಾಗಾದರೆ ಆ ಬೂದು ಟೋಪಿ? ಯಾರದೋ. ಯಾರೋ ಗುರುತಿಲ್ಲದ ಮನುಷ್ಯನಿಗೆ ಅವಳು ಕೈ ಬೀಸಿದ್ದಳು, ಇಷ್ಟು ಕಾಲ ಬೀಸುತ್ತಲೇ ಇದ್ದಳು. ಎದೆಯಿಂದ ಒಂದು ಭಾರ ಇಳಿಯಿತು. ಇಳಿದ ಜಾಗ ಖಾಲಿ ಇತ್ತು. ಅಲ್ಲಿ ಅಪ್ಪ ಕೂತಿರುತ್ತಿದ್ದ, ಈಗ ಇಲ್ಲ.

ಸಿರಿಲ್ ಮತ್ತೆ ಬೆಕ್ಕಿನ ಸಾರಿಗೆ ಬಂದಿದ್ದ. ಇಷ್ಟು ವರ್ಷ ಅವನು ಆ ಕತ್ತಲೆಯ ಬದಿಯಲ್ಲೇ ಬುಟ್ಟಿ ಹಿಡಿದು ನಿಂತಿದ್ದಾನೆ, ನಾಟಕ ಮುಗಿಯದೆ. ಮುಗಿಯದ್ದಕ್ಕೇ ಸುತ್ತುತ್ತಿದ್ದಾನೆ. ಅವನು ಗುನುಗಲು ತುಟಿ ಸೇರಿಸುವ ಮೊದಲೇ ಮೋನಾ ತಲೆ ಎತ್ತಿ, ಆ ಕೋಣೆಯ ಕೊನೆಯ ಕುರ್ಚಿಗೂ ಕೇಳುವ ಹಾಗೆ, ಮಿಸೆಸ್ ಪಾರ್ಡೊ ಹೇಳಿಕೊಟ್ಟ ಹಾಗೆ, ಹಾಡಿದಳು.

ದೀಪ ಆರಿತು, ಬಟ್ಟೆ ಒಣಗಿತು,
ಮನೆಗೆ ಹೋಗುವ ಬನ್ನಿ.

"ಹೀಗೆ ಮುಗಿಯುತ್ತೇನೇ ಅದು!" ಎಂದಳು ಡಿಲಿಸ್. "ಇಷ್ಟು ದಿನ ನೆತ್ತಿ ಮೇಲೆ ನೇತಾಡ್ತಿತ್ತು ನನಗೆ." ಅವಳು ಚಪ್ಪಾಳೆ ತಟ್ಟಿದಳು. ಗೋಡೆಯ ಹತ್ತಿರ ಇನ್ಯಾರೋ ತಟ್ಟಿದರು, ಏಕೆಂದು ತಿಳಿಯದೆ ಮತ್ತೊಬ್ಬರು. ಜನ ಇದ್ದರು. ನಾಟಕ ಮುಗಿಯಬಹುದಿತ್ತು.

ಸಿರಿಲ್ ಕುಟ್ಟಲಿಲ್ಲ. ಅವನ ಬೆರಳುಗಳು ಇಳಿದು ಮಡಿಲಿಗೆ ಬಂದವು. ಅಡುಗೆಮನೆಯಲ್ಲಿ ಯಾರೋ ಸೌಟು ಇಟ್ಟದ್ದು ಕೇಳಿಸಿತು. "ನಿಲ್ಲಿಸೇಬಿಟ್ರಲ್ಲ," ಎಂದಳು ಮಿಸೆಸ್ ಥ್ರೆಲ್‌ಫಾಲ್, ಅವಳ ದನಿಯಲ್ಲಿ ಖುಷಿಯೂ ಇತ್ತು, ಇನ್ನೇನೋ ಇತ್ತು. "ಇಲ್ಲೇ ಇರ್ಲಿ ಬಿಡಿ. ಊಟಾನೂ ಇಲ್ಲೇ ತರಿಸ್ತೀನಿ." ಶೂಲಾನ್ ಟವೆಲುಗಳನ್ನು ಅಲ್ಲೇ ಕುರ್ಚಿಯ ಮೇಲೆ ಇಟ್ಟು ಅಡುಗೆಮನೆಗೆ ಓಡಿದಳು. ಮೋನಾಗೆ ಭಯವಾಯಿತು. ಅವನಲ್ಲಿ ಉಳಿದಿದ್ದುದು ಅದೊಂದೇ, ಅದನ್ನೂ ಮುಗಿಸಿಬಿಟ್ಟೆನಲ್ಲ, ಇನ್ನು ಬರುವುದಿಲ್ಲವೇನೋ.

"ಸಿರಿಲ್," ಎಂದಳು. "ಹಡಗು ನೋಡೋಕೆ ಹೋಗಿದ್ರಿ ಅಲ್ವೇನೋ? ಅವತ್ತು. ನೀನೂ ಅಪ್ಪಾನೂ."

ಅವನು ಈಗ ಅವಳ ಕಡೆ ತಿರುಗಿದ. ಮುಖವನ್ನಲ್ಲ, ಅದರ ಕೆಳಗೆ ನೋಡಿದ. ಹುಬ್ಬು ಗಂಟಿಕ್ಕಿತು. ಕೈ ಮೆಲ್ಲಗೆ ಎದ್ದು ಬಂದು, ಬೆಳಿಗ್ಗೆ ಅವಳು ಮತ್ತೆ ಮತ್ತೆ ಒತ್ತಿದ್ದ ಕಾಲರನ್ನು ಹಿಡಿಯಿತು. ಹೆಬ್ಬೆರಳು ಕತ್ತಿನ ಪಕ್ಕದ ಬಟ್ಟೆಯನ್ನು ಒಂದು ಸಲ ಒತ್ತಿ ತೀಡಿತು. ಆ ಹೆಬ್ಬೆರಳನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದ.

"ಹೋಗಿದೆ," ಎಂದ.